ಪಿನ್ ಮೇಲಿನ ಸೀಸ

"ಇಡೀ ಕನೆಕ್ಟರ್ ತೂಕದಲ್ಲಿ ಆ ಸೀಸ ಎಷ್ಟು ಮೇಡಂ? ಒಂದು ಚೂರು." ಸಪ್ಲೈಯರ್ ಕಡೆಯವರು ಫೋನಿನಲ್ಲಿ ಹೇಳಿದ ಈ ಮಾತು ವಾರವಿಡೀ ತಲೆಯಲ್ಲೇ ಸುತ್ತುತ್ತಿದೆ.

ಬೋರ್ಡಿಗೆ ವೈರ್ ಜೋಡಿಸುವ ಕನೆಕ್ಟರ್‌ಗಳ ಹೊಸ ಲಾಟ್ ಬಂದಿತ್ತು. ಅದರ ಪಿನ್‌ಗಳಿಗೆ ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ರೇ ಹಾಯಿಸಿ ಯಾವ ಲೋಹ ಇದೆ ಎಂದು ಹೇಳುವ ಯಂತ್ರ) ಹಿಡಿದಾಗ ಸೀಸ ತೋರಿಸಿತು. ಒಳಗಿನ ಹಿತ್ತಾಳೆಯದ್ದೇ ಇರಬಹುದು ಎಂದು ಲ್ಯಾಬಿಗೂ ಕಳಿಸಿದೆವು. ಅಲ್ಲ, ಮೇಲಿನ ತವರದ ಲೇಪನದಲ್ಲೇ ಇತ್ತು. ರೋಹ್ಸ್ ಸರ್ಟಿಫಿಕೇಟ್ ಮಾತ್ರ, ಅಂದರೆ ಸೀಸದಂಥ ವಿಷವಸ್ತುಗಳು ಯುರೋಪಿನ ನಿಯಮದ ಮಿತಿಯೊಳಗಿವೆ ಎನ್ನುವ ಪತ್ರ, ಫೈಲಿನಲ್ಲಿ ಸರಿಯಾಗೇ ಇದೆ.

ಅವರ ವಾದ ಕೇಳಲು ಸರಿ ಅನಿಸುತ್ತದೆ. ಆದರೆ ನಿಯಮ ಇಡೀ ವಸ್ತುವಿನ ತೂಕ ನೋಡುವುದೇ ಇಲ್ಲ. ಪ್ಲಾಸ್ಟಿಕ್ ಬೇರೆ, ಒಳಗಿನ ಲೋಹ ಬೇರೆ, ಲೇಪನ ಬೇರೆ. ಪ್ರತಿ ಪದರದಲ್ಲೂ ಸೀಸ 0.1% ದಾಟಬಾರದು, ಕ್ಯಾಡ್ಮಿಯಂ 0.01%. ಹಿತ್ತಾಳೆಯಂಥ ತಾಮ್ರದ ಮಿಶ್ರಲೋಹಕ್ಕೆ 4% ವರೆಗೆ ವಿನಾಯಿತಿ ಕೊಟ್ಟಿದ್ದಾರೆ, ಇಂಥ ಲೇಪನಕ್ಕೆ ಇಲ್ಲ. ಹೀಗೆ ಬೇರೆ ಬೇರೆಯಾಗಿ ನೋಡದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಕಿ ಏನನ್ನು ಬೇಕಾದರೂ ಮುಚ್ಚಬಹುದಿತ್ತು, ಅಲ್ವಾ? ಇಷ್ಟು ವರ್ಷ ಈ ವ್ಯಾಪಾರದಲ್ಲಿರುವವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಮನುಷ್ಯ ಕೆಟ್ಟವರಲ್ಲ, ತುಂಬಾ ಮೆತ್ತಗೆ ಮಾತಾಡುತ್ತಾರೆ. ಪೇಪರ್ ಇದ್ದರೆ ಸಾಕು ಅನ್ನುವುದು ಅವರಿಗೆ ರೂಢಿಯಾಗಿಬಿಟ್ಟಿದೆ.

2006ರ ಜುಲೈ 1ರಿಂದ ಯುರೋಪಿನಲ್ಲಿ ಈ ನಿಯಮ ಜಾರಿಯಾದಾಗ ಬದಲಾಗಿದ್ದು ಬರೀ ಪೇಪರ್ ಅಲ್ಲ. ಬಿಡಿಭಾಗಗಳನ್ನು ಬೋರ್ಡಿಗೆ ಬೆಸೆಯುವ ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತಿತ್ತು, ಅದರ ಜಾಗಕ್ಕೆ ಬಂದ ತವರ-ಬೆಳ್ಳಿ-ತಾಮ್ರದ್ದು ಕರಗಲು ಶುರುವಾಗುವುದೇ 217ಕ್ಕೆ, ಹಾಗಾಗಿ ಬೆಸೆಯುವ ಓವನ್‌ನ ಬಿಸಿ, ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್, ಅಷ್ಟು ಬಿಸಿ ತಾಳುವ ಬೋರ್ಡು, ಬಿಡಿಭಾಗ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಯಿತು. ಸೀಸವಿಲ್ಲದ ತವರದಲ್ಲಿ ಕೂದಲಿನಂಥ ಎಳೆ ಬೆಳೆದು ಪಕ್ಕದ ಪಿನ್ನಿಗೆ ಶಾರ್ಟ್ ಆಗುವ ಕಾಟ ಬೇರೆ. ಎಷ್ಟೋ ಎಂಜಿನಿಯರ್‌ಗಳು ವರ್ಷಗಟ್ಟಲೆ ಒದ್ದಾಡಿದ ಕೆಲಸವನ್ನು ಹೀಗೆ ಸುಮ್ನೆ ಒಂದು ಮಾತಲ್ಲಿ ತಳ್ಳಿಹಾಕಿದರೆ ಸಿಟ್ಟು ಬರುತ್ತದೆ.

ಒಂದು ಚೂರು. ಬೋರ್ಡು ಕೆಟ್ಟ ಮೇಲೆ ಆ ಚೂರು ಎಲ್ಲಿಗೆ ಹೋಗುತ್ತದೆ? ಎಷ್ಟೋ ಕಡೆ ಬರಿಗೈಯಲ್ಲಿ ಬೋರ್ಡು ಒಡೆದು, ಕಾಯಿಸಿ, ಚಿಪ್ ಬಿಡಿಸುವವರ ಹತ್ತಿರ. ಹೊಗೆ ಅವರ ಎದೆಗೆ, ಬೂದಿ ಮಣ್ಣಿಗೆ. ಅಲ್ಲೇ ಪಕ್ಕದಲ್ಲಿ ಆಡುವ ಮಕ್ಕಳ ರಕ್ತ ಸೇರಿದರೆ ಸೀಸ ಬೆಳೆಯುವ ಮೆದುಳನ್ನೇ ಕೆಡಿಸುತ್ತದೆ. ಇಷ್ಟಿದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಪ್ಲೈಯರ್ ಕಡೆಯವರಿಗೆ ಫೋನಿನಲ್ಲಿ ಇದನ್ನೂ ಹೇಳಿದೆ. "ಅದು ನಮ್ಮ ಕೈಯಲ್ಲಿಲ್ಲ ಮೇಡಂ" ಅಂದರು. ಲೇಪನ ಹಾಕಿಸುವವರು ಅವರೇ!

ಲಾಟ್ ವಾಪಸ್ ಹೋಯಿತು. ಡೆಲಿವರಿ ತಡವಾಗುತ್ತದೆ ಎಂದು ಪ್ರೊಡಕ್ಷನ್‌ನವರು ಮುಖ ಊದಿಸಿಕೊಂಡಿದ್ದಾರೆ, ಅವರ ಕಷ್ಟವೂ ನಿಜ. ಇನ್ನು ಮುಂದೆ ಸರ್ಟಿಫಿಕೇಟ್ ಜೊತೆ ಲೇಪನದ್ದೇ ಪ್ರತ್ಯೇಕ ಟೆಸ್ಟ್ ರಿಪೋರ್ಟ್ ಇಲ್ಲದೆ ಒಂದು ಪಿನ್ನನ್ನೂ ಒಳಗೆ ತೆಗೆದುಕೊಳ್ಳುವುದಿಲ್ಲ ಎಂದು ಬರೆದು ಕಳಿಸಿದ್ದೇನೆ.