ಹೊಡೆದ ಕಾಯಿ ಎಲ್ಲಿಗೆ ಹೋಗುತ್ತದೆ?

12 ನವೆಂಬರ್ 2025, ಬುಧವಾರ

ಚದುರಂಗದಲ್ಲಿ ಪುಟ್ಟಿಯ ಕುದುರೆಯನ್ನು ಹೊಡೆದು ಮಣೆಯ ಪಕ್ಕಕ್ಕಿಟ್ಟೆ. ಅವಳು ಅದನ್ನೇ ದಿಟ್ಟಿಸುತ್ತ, "ಇನ್ನು ಇದು ಬರುವುದೇ ಇಲ್ಲವೇ?" ಎಂದಳು. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಬರಬಹುದು ಎಂದೆ. "ಅಷ್ಟು ದೂರ ಹೋಗಲು ನೀನು ಬಿಡಬೇಕಲ್ಲ!"

ಆಗ ಶೋಗಿಯ ಮಾತು ತೆಗೆದೆ. ಜಪಾನಿನ ಆ ಚದುರಂಗದಲ್ಲಿ ಹೊಡೆದ ಕಾಯಿ ಹೊಡೆದವನ ಪಾಲು. ತನ್ನ ಸರದಿಯಲ್ಲಿ ಅದನ್ನು ಖಾಲಿ ಮನೆಯಲ್ಲಿ ಇಳಿಸಿ ಆಡಿಸಬಹುದು. ಎಲ್ಲ ಕಾಯಿಗಳಿಗೂ ಒಂದೇ ಬಣ್ಣ, ಚೂಪು ತುದಿ ಎತ್ತ ತಿರುಗಿದೆ ಎಂಬುದರಿಂದ ಪಕ್ಷ ಗೊತ್ತಾಗುತ್ತದೆ. "ಹಾಗಾದರೆ ನನ್ನ ಕುದುರೆ ನನ್ನ ಮೇಲೆಯೇ ಬರುತ್ತದೆ!" ಅವಳ ಮುಖ ಸಪ್ಪಗಾಯಿತು. ನನಗೋ ಶೋಗಿಯ ಸೊಗಸೆಲ್ಲ ಅಲ್ಲೇ ಇದೆ. 40 ಕಾಯಿಗಳಲ್ಲಿ ಒಂದೂ ಆಟ ಬಿಟ್ಟು ಹೋಗುವುದಿಲ್ಲ, ಕೊನೆಕೊನೆಗೆ ಬಿರುಸು ಏರುತ್ತಲೇ ಇರುತ್ತದೆ. ಆದರೂ ಕೈಯಲ್ಲಿರುವ ಕಾಲಾಳನ್ನು ಇಳಿಸಿ ಅದೇ ನಡೆಯಲ್ಲಿ ಚೆಕ್‌ಮೇಟ್ ಮಾಡುವಂತಿಲ್ಲ. ಈ ನಿಯಮ ಮಾಡಿದವರ ಮೇಲೆ ನನಗೆ ಅಪಾರ ಗೌರವ.

ಚದುರಂಗ ಬರಿದಾಗುತ್ತ ಹೋಗುವ ಆಟ. ಇಬ್ಬರು ರಾಜರು, ಒಂದು ಕಾಲಾಳು ಉಳಿದಾಗ ನಡೆಯ ಸರದಿ ಯಾರದು ಎಂಬುದೊಂದೇ ಗೆಲುವನ್ನೋ ಡ್ರಾವನ್ನೋ ತೀರ್ಮಾನಿಸಬಹುದು. ಆ ನಿಖರತೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಅಳಗುಳಿಮನೆಯಲ್ಲಿ ಕಾಳಿಗೆ ಬಣ್ಣವೂ ಇಲ್ಲ, ಪಕ್ಷವೂ ಇಲ್ಲ. ನಾನು ಹಂಚಿದ ಕಾಳನ್ನೇ ಎದುರಿನವರು ಎತ್ತಿಕೊಂಡು ಮುಂದೆ ಹಂಚುತ್ತಾರೆ.

ಕಪ್ಪು, ಬಿಳಿ ಕಲ್ಲುಗಳನ್ನಿಟ್ಟು ನೆಲ ಗಳಿಸುವ ಗೋ ಆಟವೇ ಎಲ್ಲಕ್ಕಿಂತ ದೊಡ್ಡದು ಎಂದು ಮೊನ್ನೆ ಗೆಳೆಯರೊಬ್ಬರು ಹಟ ಹಿಡಿದಿದ್ದರು. ಚದುರಂಗದ ಚಾಂಪಿಯನ್ ಕ್ಯಾಸ್ಪರೋವ್ ಕಂಪ್ಯೂಟರಿಗೆ ಸೋತದ್ದು 1997ರಲ್ಲಿ, ಗೋ ಆಟದ ದಿಗ್ಗಜ ಲೀ ಸೆಡೋಲ್ ಸೋತದ್ದು 2016ರಲ್ಲಿ, ಇದೇ ಸಾಕ್ಷಿಯಂತೆ. ಸಿಟ್ಟು ಬಂತು. ಯಂತ್ರಕ್ಕೆ ಕಷ್ಟವಾದದ್ದು ಮನುಷ್ಯನಿಗೆ ಹೆಚ್ಚು ಇಷ್ಟವಾಗಬೇಕೆಂದು ಯಾರು ಹೇಳಿದರು? ಗೋ ನನ್ನನ್ನು ಹಿಡಿದಿಟ್ಟಿರುವುದೇ ಬೇರೆ ಕಾರಣಕ್ಕೆ. 361 ಬಿಂದುಗಳ ಖಾಲಿ ಮಣೆ. ಇಟ್ಟ ಕಲ್ಲು ಜಾಗ ಬದಲಿಸುವುದಿಲ್ಲ. ಸೆರೆಸಿಕ್ಕ ಕಲ್ಲುಗಳು, ಜಪಾನಿನ ಎಣಿಕೆಯಲ್ಲಿ, ಆಟ ಮುಗಿದ ಮೇಲೆ ಮಣೆಗೆ ಮರಳುತ್ತವೆ, ತಮ್ಮ ಒಡೆಯ ಗಳಿಸಿದ ನೆಲವನ್ನೇ ತುಂಬಿ ಕಡಿಮೆ ಮಾಡಲು! ಗೊತ್ತಿದ್ದೂ ಎರಡು ಕಲ್ಲು ಬಿಟ್ಟುಕೊಟ್ಟು ಹೊರಗೆ ಗೋಡೆ ಕಟ್ಟುತ್ತೇವೆ. ಚದುರಂಗದಲ್ಲಿ ಕಾಯಿ ಬಲಿಕೊಟ್ಟಾಗ ಸಾಮಾನ್ಯವಾಗಿ ಗುರಿ ಕಣ್ಣೆದುರೇ ಇರುತ್ತದೆ. ಇಲ್ಲಿ ಆ ಗೋಡೆ ಯಾವುದಕ್ಕೆ ಒದಗುತ್ತದೆ ಎಂಬುದೇ ಇನ್ನೂ ಗೊತ್ತಿರುವುದಿಲ್ಲ. ಪುಟ್ಟಿಗೆ ಇದನ್ನು ಹೇಗೆ ವಿವರಿಸಲಿ? ಮೊದಲು ಎರಡು ಕಣ್ಣುಗಳು, ಅಂದರೆ ತನ್ನ ಕಲ್ಲುಗಳೇ ಸುತ್ತುವರಿದ ಖಾಲಿ ಜಾಗಗಳು, ಇದ್ದರೆ ಗುಂಪು ಬದುಕುತ್ತದೆ ಎಂದು ತೋರಿಸಬೇಕು, 9×9ರ ಸಣ್ಣ ಮಣೆಯಲ್ಲಿ, ಆಮೇಲೆ ಬೇಕೆಂದೇ ಒಂದು ಗುಂಪನ್ನು ಕೈಬಿಟ್ಟು