ಕಾರು ಸಾಲದ ಮೇಜಿನ ಮೇಲೆ ಎರಡು ಕೊಟೇಶನ್‌ಗಳು

ದಾವಣಗೆರೆಯ ಬ್ಯಾಂಕ್ ಶಾಖೆಯೊಂದರಲ್ಲಿ ವಾಹನ ಸಾಲ ನೋಡಿಕೊಳ್ಳುವುದು ನನ್ನ ಕೆಲಸ. ಶೋರೂಮ್‌ನವರು ತಮ್ಮ ಕಾರನ್ನಷ್ಟೇ ತೋರಿಸುತ್ತಾರೆ. ನನ್ನ ಮೇಜಿಗೆ ಎಲ್ಲ ಕಂಪನಿಗಳ ಕೊಟೇಶನ್‌ಗಳೂ ಬರುತ್ತವೆ. ಎಷ್ಟೋ ಸಲ ಒಬ್ಬರ ಕೈಯಲ್ಲೇ ಎರಡಿರುತ್ತವೆ, ಒಂದು ಪೆಟ್ರೋಲ್ ಕಾರಿನದು, ಇನ್ನೊಂದು ವಿದ್ಯುತ್ ಕಾರಿನದು. ಸರ್ಕಾರ ಎಷ್ಟು ರಿಯಾಯಿತಿ ಕೊಟ್ಟಿತು ಎನ್ನುವುದಕ್ಕಿಂತ, ಅದು ಆ ಕಾಗದದಲ್ಲಿ ಕಾಣಿಸುತ್ತದೆಯೇ ಎನ್ನುವುದೇ ಹೆಚ್ಚು ತೂಗುತ್ತದೆ ಎಂಬುದು ಇಲ್ಲಿ ಕುಳಿತು ನಾನು ಕಲಿತ ಪಾಠ.

2024ರ ಕೊನೆಯಲ್ಲಿ ಶಿಕ್ಷಕಿಯೊಬ್ಬರು ಬಂದಿದ್ದರು. ಹರಿಹರದ ಶಾಲೆಗೆ ದಿನಾ ಹೋಗಿ ಬರುವವರು. ಪೆಟ್ರೋಲ್ ಕಾರಿನ ಎಕ್ಸ್-ಶೋರೂಮ್ ಬೆಲೆ (ರಸ್ತೆ ತೆರಿಗೆ, ವಿಮೆ ಸೇರದ್ದು) 11 ಲಕ್ಷ, ವಿದ್ಯುತ್ ಕಾರಿನದು 14 ಲಕ್ಷ. ಎರಡನೆಯದರ ಮೇಲೆ ಬೆರಳಿಟ್ಟು, “ಸರ್, ರಸ್ತೆ ತೆರಿಗೆಯ ಸಾಲಿನಲ್ಲಿ ಸೊನ್ನೆ ಇದೆ. ಬರೆಯಲು ಮರೆತಿದ್ದಾರೆಯೇ?” ಎಂದು ಕೇಳಿದರು.

“ಮರೆತಿಲ್ಲ ಮೇಡಂ. ಈ ಬೆಲೆಯ ವಿದ್ಯುತ್ ಕಾರಿಗೆ ನಮ್ಮ ರಾಜ್ಯದಲ್ಲಿ ಆ ತೆರಿಗೆಯೇ ಇಲ್ಲ,” ಎಂದೆ.

ಆಗ ಪೆಟ್ರೋಲ್ ಕಾರಿಗೆ ಶೇ 17ರಷ್ಟು ಜೀವಿತಾವಧಿ ರಸ್ತೆ ತೆರಿಗೆ, ಆ ತೆರಿಗೆಯ ಮೇಲೆ ಶೇ 11 ಸೆಸ್ ಎಂಬ ಹೆಚ್ಚುವರಿ ಕರ, ಎರಡೂ ಸೇರಿ ಸುಮಾರು 2.08 ಲಕ್ಷ. ವಿಮೆ ಬಿಟ್ಟು ನೋಡಿದರೆ 3 ಲಕ್ಷದ ಅಂತರ 92 ಸಾವಿರಕ್ಕೆ ಇಳಿಯಿತು. ಅವರು ಪೆನ್ನು ತೆಗೆದುಕೊಂಡು ಆ ಸೊನ್ನೆಯ ಸುತ್ತ ಒಂದು ಗೆರೆ ಎಳೆದರು. ಆಮೇಲೆ ಕಿಲೋಮೀಟರ್ ಲೆಕ್ಕ ಹಾಕಿದೆವು. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿಗಿಂತ ಮೇಲಿದ್ದಾಗ, 15 ಕಿ.ಮೀ. ಮೈಲೇಜ್ ಕೊಡುವ ಕಾರಿಗೆ ಕಿಲೋಮೀಟರಿಗೆ ಸುಮಾರು 7 ರೂಪಾಯಿ ಬೀಳುತ್ತದೆ. ಮನೆಯಲ್ಲೇ ಚಾರ್ಜ್ ಮಾಡಿಕೊಂಡರೆ, ಯೂನಿಟ್‌ಗೆ 7 ರೂಪಾಯಿ ಹಿಡಿದರೂ, ಸುಮಾರು ಒಂದು ರೂಪಾಯಿ. ತಿಂಗಳಿಗೆ 750 ಕಿ.ಮೀ. ಓಡಿಸುವ ಅವರಿಗೆ ಎರಡು ವರ್ಷದೊಳಗೆ ಅಂತರ ತುಂಬಿಹೋಗುತ್ತಿತ್ತು. ಅವರು ವಿದ್ಯುತ್ ಕಾರನ್ನೇ ಕೊಂಡರು.

ತಿಂಗಳಿಗೆ 300 ಕಿ.ಮೀ. ಕೂಡ ಓಡಿಸದ ನಿವೃತ್ತರೊಬ್ಬರಿಗೆ ಇದೇ ಲೆಕ್ಕ ನಾಲ್ಕು ವರ್ಷ ದಾಟಿತು. ನಿಮಗೆ ಪೆಟ್ರೋಲ್ ಕಾರೇ ಸಾಕು ಎಂದು ನೇರವಾಗಿ ಹೇಳಿದೆ. ಇಂಥವರಿಗೆ ರಿಯಾಯಿತಿಯ ಆಸೆ ಹುಟ್ಟಿಸಿ ಸಾಲದ ಮೊತ್ತ ಹೆಚ್ಚಿಸುವುದು ನನಗೆ ಒಪ್ಪುವ ಮಾತಲ್ಲ.

ಇನ್ನು ಕಾಗದದಲ್ಲಿ ಕಾಣದ ರಿಯಾಯಿತಿಗಳು. ಆದಾಯ ತೆರಿಗೆಯ 80ಇಇಬಿ ಕಲಮಿನಲ್ಲಿ ವಿದ್ಯುತ್ ವಾಹನ ಸಾಲದ ಬಡ್ಡಿಗೆ ವರ್ಷಕ್ಕೆ 1.5 ಲಕ್ಷದವರೆಗೆ ಕಡಿತ ಸಿಗುತ್ತಿತ್ತು. 2019ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಮಂಜೂರಾದ ಸಾಲಗಳಿಗೆ ಅದು ಅನ್ವಯ. ಸಣ್ಣ ಮೊತ್ತವಲ್ಲ. ಆದರೂ ಅದನ್ನು ಕೇಳಿಕೊಂಡು ಬಂದವರು ತೀರಾ ವಿರಳ, ಏಕೆಂದರೆ ಆ ಹಣ ಉಳಿಯುವುದು ಮುಂದೆಂದೋ ರಿಟರ್ನ್ಸ್ ಸಲ್ಲಿಸುವಾಗ. ಬ್ಯಾಂಕುಗಳು ಕೊಡುವ ಬಡ್ಡಿ ರಿಯಾಯಿತಿಯೂ ಹಾಗೆಯೇ. ಶೇ 9ರ ಬಡ್ಡಿಯಲ್ಲಿ ಶೇ 0.20 ಇಳಿಸಿದರೆ, 10 ಲಕ್ಷದ ಏಳು ವರ್ಷದ ಸಾಲದ ಕಂತಿನಲ್ಲಿ ಉಳಿಯುವುದು ತಿಂಗಳಿಗೆ ನೂರು ರೂಪಾಯಿ. ಅದಕ್ಕಾಗಿ ಯಾರೂ ಮನಸ್ಸು ಬದಲಿಸುವುದಿಲ್ಲ.

ಕಾಣುವ ಬೆಲೆಯ ಬಲ ಕಂಪನಿಗಳಿಗೆ ಚೆನ್ನಾಗಿ ಗೊತ್ತು. 2024ರ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ ಎಂಬ ವಿದ್ಯುತ್ ಕಾರು ಬಂದಾಗ ಬ್ಯಾಟರಿಯ ಬೆಲೆಯನ್ನು ಬೇರ್ಪಡಿಸಿ ಕಾರಿಗೆ 9.99 ಲಕ್ಷ ಎಂದರು, ಬ್ಯಾಟರಿಗೆ ಕಿಲೋಮೀಟರಿಗೆ 3.50 ರೂಪಾಯಿ ಬಾಡಿಗೆ. ಮುಂಗಡ ಹಣ ಕಡಿಮೆಯಿದ್ದವರಿಗೆ ಇದು ನಿಜಕ್ಕೂ ಅನುಕೂಲ. ಆದರೆ ಬಾಡಿಗೆಯೂ ತಿಂಗಳ ಕಂತೇ ಎಂದು ನಾನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳುತ್ತೇನೆ.

2024ರ ಮಾರ್ಚ್‌ನಲ್ಲಿ ರಾಜ್ಯ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10 ತೆರಿಗೆ ಹಾಕಿತು. ಕಾರಿನ ಬೆಲೆ ಆ ಗಡಿಯಿಂದ ಒಂದು ಹೆಜ್ಜೆ ಆಚೆಗಿದ್ದರೂ ಎರಡೂವರೆ ಲಕ್ಷದ ಹೊರೆ ಬೀಳುತ್ತಿತ್ತು. ಅಂಥ ಕಾರು ಆರಿಸಿದವರಿಗೆ ಅದರದೇ ಕಡಿಮೆ ಬೆಲೆಯ ವೇರಿಯಂಟ್ ನೋಡಿ ಎನ್ನದೆ ಬೇರೆ ದಾರಿಯಿರಲಿಲ್ಲ.

2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆ ಎಲ್ಲಕ್ಕಿಂತ ದೊಡ್ಡ ಪಾಠ. ಸಣ್ಣ ಪೆಟ್ರೋಲ್ ಕಾರಿನ ತೆರಿಗೆ ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಇಳಿಯಿತು. ವಿದ್ಯುತ್ ಕಾರಿನದು ಶೇ 5ರಲ್ಲೇ ಉಳಿಯಿತು. ಸಣ್ಣ ಕಾರಿನ ವರ್ಗದಲ್ಲಿ 11 ಲಕ್ಷದ ಪೆಟ್ರೋಲ್ ಕಾರು ಹೆಚ್ಚುಕಡಿಮೆ 10 ಲಕ್ಷಕ್ಕೆ ಬಂತು. ವಿದ್ಯುತ್ ಕಾರಿನ ತೆರಿಗೆ ಒಂದು ರೂಪಾಯಿಯೂ ಏರದೆ, ಪಕ್ಕದ ಕೊಟೇಶನ್ ಎದುರು ಅದು ದುಬಾರಿಯಾಗಿ ಕಂಡಿತು. ಹಾಗಾಗಿ ಈಗ ಎರಡು ಕೊಟೇಶನ್ ಹಿಡಿದು ಬಂದವರಿಗೆ ಹಳೆಯ ಗಾಡಿಯ ಸರ್ವಿಸ್ ಬಿಲ್‌ಗಳನ್ನೂ ತರಲು ಹೇಳುತ್ತೇನೆ. ಅದರಲ್ಲಿ ಓಡಿದ ಕಿಲೋಮೀಟರ್ ನಮೂದಾಗಿರುತ್ತದೆ. ಸಾಲದ ಅರ್ಜಿ ತುಂಬುವುದು ಆ ಲೆಕ್ಕ ಮುಗಿದ ಮೇಲೆ.