ಮಸುಕು: ನಮ್ಮ ದೆವ್ವದ ಸಿನಿಮಾ, ಏಳನೇ ವಾರ

ಈ ವಾರ ತೆಗೆದಿದ್ದು ಬರೀ ಎರಡು ಶಾಟ್. ಆದರೆ ಕಥೆಯೇ ತಲೆಕೆಳಗಾಗಿದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಇದು ಹದಿನೈದು ನಿಮಿಷದ ಕಿರುಚಿತ್ರ. ಕುಮಟಾ ಹತ್ತಿರದ ನಮ್ಮ ಹಳೇ ಮನೆಯೇ ಲೊಕೇಶನ್. ಕುರುಡನೊಬ್ಬನಿಗೆ ಆಪರೇಷನ್ ಆಗಿ ಕಣ್ಣು ಬರುತ್ತದೆ, ಜೊತೆಗೆ ಸತ್ತವರೂ ಕಾಣುತ್ತಾರೆ. ಎಳೆ ನನ್ನದಲ್ಲ. 2002ರಲ್ಲಿ ಪಾಂಗ್ ಸಹೋದರರು ಮಾಡಿದ 'ದಿ ಐ' ನೋಡಿ ಹತ್ತಿದ ಹುಚ್ಚು. ಅದರಲ್ಲಿ ದಾನಿಯ ಕಾರ್ನಿಯಾ (ಕಣ್ಣಿನ ಮುಂದಿನ ಪದರ) ಹಾಕಿಸಿಕೊಂಡ ಹುಡುಗಿಗೆ ಮೊದಮೊದಲು ಎಲ್ಲ ಮಬ್ಬು. ಎದುರಿಗೆ ನಿಂತಿದ್ದು ಮನುಷ್ಯರೋ ಬೇರೇನೋ, ಅವಳಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಅದರ ಲಿಫ್ಟ್ ದೃಶ್ಯ ನೋಡಿದ ಮೇಲೆ ಲಿಫ್ಟ್ ಅಂದರೆ ಈಗಲೂ ಅಳುಕು. ನಮ್ಮೂರಲ್ಲಿ ಲಿಫ್ಟ್ ಇಲ್ಲ, ಅದೊಂದು ಸಮಾಧಾನ.

ನಮ್ಮ ನಾಯಕನಿಗೆ ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿದೆ. ಉಳಿದದ್ದಕ್ಕೆ ಕೊಯ್ಲಿನಲ್ಲಿ ಭತ್ತದ ಗರಿ ತಾಗಿ, ಹುಣ್ಣಾಗಿ, ಹೂ ಬಿದ್ದಿದೆ. ಗದ್ದೆ ಕೆಲಸದವರಿಗೆ ಹೀಗಾಗುವುದು ನಿಜ. ಆಪರೇಷನ್‌ನಲ್ಲಿ ಇಡೀ ಕಣ್ಣು ಬದಲಾಯಿಸುವುದಿಲ್ಲ. ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಮಾತ್ರ, ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ದೃಷ್ಟಿ ತಿಳಿಯಾಗಲು ತಿಂಗಳುಗಟ್ಟಲೆ ಬೇಕು. ಈ ತಿಂಗಳುಗಳೇ ನಮ್ಮ ಸಿನಿಮಾ.

ಮಬ್ಬಿಗೆ ಹಳೇ ಉಪಾಯ, ವ್ಯಾಸಲೀನ್. ಲೆನ್ಸಿಗೆ ನೇರವಾಗಿ ಹಚ್ಚಬೇಡಿ ಮಾರಾಯ್ರೆ! ಮುಂದೆ ಒಂದು ಫಿಲ್ಟರ್ ಹಾಕಿ ಅದಕ್ಕೆ ಹಚ್ಚಿ. ಬುಧವಾರ ಬೆಳಿಗ್ಗೆ ಜಗಲಿಯಲ್ಲಿ ಮೊದಲ ಶಾಟ್. ಮಣೆ ಮೇಲೆ ಒಬ್ಬ ಅಜ್ಜ ಕೂತು ಕವಳ ಹಾಕುತ್ತಿದ್ದಾನೆ. ಮುಖ ಕಾಣುವುದಿಲ್ಲ. ಬಿಳಿ ಪಂಚೆ, ಎಲೆಯ ಹಸಿರು, ಸುಣ್ಣ ತೀಡುವ ಬೆರಳು, ಅಷ್ಟೇ. ಬೆರಳು ಎಲೆ ಮೇಲೆ ಹೋಗುತ್ತದೆ, ಬರುತ್ತದೆ, ನಿಲ್ಲುತ್ತದೆ. ಅಷ್ಟಕ್ಕೇ ಮಾನಿಟರ್ ಹಿಂದಿದ್ದ ನನಗೆ ಮೈ ಜುಂ ಅಂದಿತು.

ಅಜ್ಜನಾಗಿ ಕೂತವರು ಯಕ್ಷಗಾನದಲ್ಲಿ ವರ್ಷಗಟ್ಟಲೆ ಬಣ್ಣದ ವೇಷ ಹಾಕಿದವರು. ರಾಕ್ಷಸ ಬಿಟ್ಟರೆ ಬೇರೆ ಗೊತ್ತಿಲ್ಲ. ಪ್ರತಿ ಟೇಕ್‌ನಲ್ಲೂ ಹುಬ್ಬು ಹಾರಿಸಿ ಕತ್ತು ತಿರುಗಿಸುತ್ತಿದ್ದರು. "ಹೆದರಿಸೋದು ಬೇಡ ಮಾವ, ಸುಮ್ನೆ ಕೂತ್ಕೊಳ್ಳಿ" ಅಂದೆ. "ಸುಮ್ನೆ ಕೂರೋಕೆ ನಾನ್ಯಾಕೆ? ಒಂದು ಕಂಬ ನಿಲ್ಸು" ಅಂದರು. ಹನ್ನೊಂದನೇ ಟೇಕ್‌ಗೆ ಸುಸ್ತಾಗಿ ಸುಮ್ಮನೆ ಕೂತರು. ಅದೇ ಓಕೆ.

ರಾತ್ರಿ ಈವರೆಗಿನದ್ದನ್ನು ಮನೆಯಲ್ಲಿ ತೋರಿಸಿದೆ. ಕಣ್ಣು ದಾನಿಯದ್ದು, ಹಾಗಾಗಿ ದಾನಿಯ ಭೂತಗಳೂ ಕಣ್ಣಿನ ಜೊತೆಗೇ ಬರುತ್ತವೆ ಅನ್ನುವುದು ಆಗಿನ ಕಥೆ. ನೋಡಿ ಮುಗಿಸಿದ ದೊಡ್ಡಮ್ಮ ಮೆಲ್ಲಗೆ ಕೇಳಿದಳು: "ತಮಾ, ಆನು ಕಣ್ಣು ಕೊಡ್ತಿ ಹೇಳಿ ಬರ್ಕೊಟ್ಟಿದ್ನಲಾ, ಈಗೆಂತ ಮಾಡವು?"

ನಗು ಬರಲಿಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಎರಡು ಕಣ್ಣು ನಾಲ್ಕು ಜನರಿಗೆ ಬೆಳಕು ಕೊಟ್ಟವು. ಒಂದೊಂದು ಕಾರ್ನಿಯಾವನ್ನೂ ಪದರ ಬಿಡಿಸಿ ಇಬ್ಬಿಬ್ಬರಿಗೆ ಹಾಕಿದ್ದರು. ದೊಡ್ಡಮ್ಮ ತನ್ನ ಕಣ್ಣು ದಾನಕ್ಕೆ ಬರೆದುಕೊಟ್ಟಿದ್ದು ಆ ಸುದ್ದಿ ಕೇಳಿಯೇ. ಅದನ್ನು ನನ್ನ ಹದಿನೈದು ನಿಮಿಷ ಅಳಿಸಿಬಿಟ್ಟರೆ? ಅಲ್ಲದೆ ನಮ್ಮ ದೇಶದಲ್ಲಿ ಕಣ್ಣು ಹಾಕಿಸಿಕೊಂಡವರಿಗೆ ದಾನಿ ಯಾರೆಂದು ಹೇಳುವುದೇ ಇಲ್ಲ. ನಾಯಕ ದಾನಿಯ ಊರು ಹುಡುಕಿಕೊಂಡು ಹೋಗುವ ನನ್ನ ಕ್ಲೈಮ್ಯಾಕ್ಸ್ ಮೊದಲೇ ಕುಂಟುತ್ತಿತ್ತು.

ಎರಡು ರಾತ್ರಿ ಕೂತು ತಿರುಗಿಸಿ ಬರೆದೆ. ಈಗ ದೆವ್ವ ಹೊಸ ಕಣ್ಣಿನಿಂದ ಬರುವುದಿಲ್ಲ. ಕಣ್ಣಿಲ್ಲದ ವರ್ಷಗಳಲ್ಲಿ ಸಂಜೆಯಾದರೆ ಒಬ್ಬ ಅಜ್ಜ ಜಗಲಿಗೆ ಬಂದು ನಾಯಕನ ಜೊತೆ ಮಾತಾಡುತ್ತಿದ್ದ. ಪಕ್ಕದ ಮನೆಯವರಿರಬೇಕು ಅಂದುಕೊಂಡಿದ್ದ. ಇವನು ಒಬ್ಬನೇ ಮಾತಾಡಿಕೊಳ್ಳುತ್ತಾನೆ ಅಂತ ಮನೆಯವರು ಸುಮ್ಮನಿದ್ದರು. ಪಟ್ಟಿ ಬಿಚ್ಚಿದ ದಿನ ಅಜ್ಜ ಮಬ್ಬಾಗಿ ಕಾಣುತ್ತಾನೆ. ದೃಷ್ಟಿ ತಿಳಿಯಾದಷ್ಟೂ ಅಜ್ಜ ಕರಗುತ್ತಾನೆ. ಪೂರ್ತಿ ಕಂಡ ದಿನ ಜಗಲಿ ಖಾಲಿ.

ನನಗೂ ಕೆಲಸ ಹಗುರ. ಶಾಟಿನಿಂದ ಶಾಟಿಗೆ ವ್ಯಾಸಲೀನ್ ಒರೆಸುತ್ತಾ ಹೋದರಾಯಿತು. ಶುಕ್ರವಾರದ ಎರಡನೇ ಶಾಟ್ ಅರ್ಧ ಒರೆಸಿ ತೆಗೆದೆ, ಚೆನ್ನಾಗಿ ಬಂದಿದೆ. ಎರವಲು ತಂದ ಲೈಟ್ ಮಾತ್ರ ವೋಲ್ಟೇಜ್ ಏರಿ ಢಮಾರ್. ದಂಡ ನನ್ನ ಜೇಬಿಗೆ.

ಮುಂದಿನ ವಾರ ಕೊನೇ ಶಾಟ್: ಖಾಲಿ ಮಣೆ, ಪಕ್ಕದಲ್ಲಿ ಕವಳದ ಬಟ್ಟಲು. ಅದರಲ್ಲಿನ ಸುಣ್ಣ ಒಣಗಿರಬೇಕು ಅಂತ ನಾನು. ಹಸಿ ಇರಬೇಕು, ಬೆರಳಿನ ಗುರುತೂ ಇರಬೇಕು ಅಂತ ಯಕ್ಷಗಾನದ ಮಾವ. ಎರಡೂ ತೆಗೆದಿಟ್ಟುಕೊಳ್ಳುತ್ತೇನೆ.